ಪಟ್ಟಿ ಪೂರ್ತಿ ಬಾಯಿಪಾಠ, ಆದರೂ ‘ಐ ಹ್ಯಾವ್ ವೆಂಟ್’

ಇಟಲಿಯಲ್ಲಿ ಶಾಲೆ ಶುರುವಾಗುವುದು ಸೆಪ್ಟೆಂಬರ್ ಮಧ್ಯದಲ್ಲಿ. ಅಕ್ಟೋಬರ್ ಕೊನೆಗೆ ನನ್ನ ಇನ್‌ಬಾಕ್ಸ್ ತುಂಬಿರುತ್ತದೆ. ಹದಿನೆಂಟು ವರ್ಷದಿಂದ ಟ್ಯೂರಿನ್‌ನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಅದೇ. ಈಗ ಇಲ್ಲಿಗೆ ಬಂದು ನೆಲೆಸಿದ ನಮ್ಮ ಕನ್ನಡದವರೂ ಅದನ್ನೇ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೇ ಬರೆದು ಸಾಕಾಯಿತು, ಇಲ್ಲೇ ಎಲ್ಲರಿಗೂ ಬರೆದುಬಿಡುತ್ತೇನೆ. ಇರ್‍ರೆಗ್ಯುಲರ್ ವರ್ಬ್, ಅಂದರೆ ಭೂತಕಾಲಕ್ಕೆ ‘ಎಡ್’ ಹಚ್ಚಿಕೊಳ್ಳದ ಕ್ರಿಯಾಪದ, ಅದರ ಪಾಠವನ್ನು ಮೊದಲಿಂದ ಹೇಳುವುದಿಲ್ಲ. ಗೋ, ವೆಂಟ್, ಗಾನ್ ಗೊತ್ತಿಲ್ಲದವರು ಯಾರೂ ನನಗೆ ಬರೆಯುವುದಿಲ್ಲ.

ಪ್ರಶ್ನೆ: ನಾವು ಮಿಲಾನ್‌ನಲ್ಲಿದ್ದೇವೆ. ಮಗನಿಗೆ ಹನ್ನೆರಡು ವರ್ಷ, ಇಲ್ಲೇ ಹುಟ್ಟಿದವನು. ಮನೆಯಲ್ಲಿ ಕನ್ನಡ, ಉಳಿದದ್ದೆಲ್ಲ ಇಟಾಲಿಯನ್. ಶಾಲೆಯಲ್ಲಿ ಅರವತ್ತು ಇರ್‍ರೆಗ್ಯುಲರ್ ವರ್ಬ್ ಕೊಟ್ಟಿದ್ದಾರೆ. ಎಲ್ಲ ಬಾಯಿಪಾಠ ಮಾಡಿದ್ದಾನೆ, ಒಂದೂ ತಪ್ಪದೆ ಒಪ್ಪಿಸುತ್ತಾನೆ. ಆದರೆ ಪರೀಕ್ಷೆಯಲ್ಲಿ ‘ಐ ಹ್ಯಾವ್ ವೆಂಟ್’, ‘ಯೆಸ್ಟರ್ಡೇ ಐ ಹ್ಯಾವ್ ಈಟನ್’ ಅಂತ ಬರೆದು ಹತ್ತಕ್ಕೆ ನಾಲ್ಕು ತಂದಿದ್ದಾನೆ. ಇನ್ನೂ ನೂರು ವರ್ಬ್ ಕಲಿಸಲೇ? ಐ ಹ್ಯಾವ್ ಸ್ಪೋಕನ್ ಟು ದಿ ಟೀಚರ್ ಲಾಸ್ಟ್ ವೀಕ್. ಅವರೂ ಇನ್ನಷ್ಟು ಬಾಯಿಪಾಠ ಮಾಡಿಸಿ ಎಂದರು.

ಬೇಡ. ದಯವಿಟ್ಟು ಬೇಡ. ಹುಡುಗನಿಗೆ ವರ್ಬ್ ಕಡಿಮೆಯಾಗಿಲ್ಲ. ಅರವತ್ತು ಬೀಗದ ಕೈ ಕೊಟ್ಟಿದ್ದಾರೆ, ಯಾವುದು ಯಾವ ಬಾಗಿಲಿಗೆ ಅಂತ ಯಾರೂ ಹೇಳಿಲ್ಲ. ಅಂಥವನಿಗೆ ಇನ್ನೂ ನೂರು ಕೈ ಕೊಟ್ಟರೆ ಏನಾಗುತ್ತದೆ?

ಅವನ ತಪ್ಪನ್ನು ಬಿಡಿಸಿ ನೋಡಿ. ಇಟಾಲಿಯನ್ನಿನಲ್ಲಿ ‘ನಿನ್ನೆ ಪೀತ್ಸಾ ತಿಂದೆ’ ಅನ್ನುವುದು ‘ಇಯೇರಿ ಓ ಮಾಂಜಾತೋ ಲಾ ಪೀತ್ಸಾ’. ಆ ‘ಓ’ ಅಂದರೆ ‘ಹ್ಯಾವ್’, ‘ಮಾಂಜಾತೋ’ ಅಂದರೆ ‘ಈಟನ್’. ಇದರ ಹೆಸರು ಪಾಸ್ಸಾತೋ ಪ್ರೋಸ್ಸಿಮೋ. ನಿನ್ನೆಯದಕ್ಕೂ ಇದೇ, ಹೋದ ವರ್ಷದ್ದಕ್ಕೂ ಇದೇ. ಟ್ಯೂರಿನ್, ಮಿಲಾನ್ ಕಡೆ ಅಜ್ಜನ ಕಾಲದ ಕಥೆಯನ್ನೂ ಮಾತಿನಲ್ಲಿ ಇದರಲ್ಲೇ ಹೇಳುತ್ತಾರೆ. ಪಾಸ್ಸಾತೋ ರೆಮೋತೋ ಅಂತ ‘ಹ್ಯಾವ್’ ಇಲ್ಲದ, ಒಂದೇ ಪದದ ಇನ್ನೊಂದು ಭೂತಕಾಲ ಇದೆ. ಉತ್ತರದವರ ಪಾಲಿಗೆ ಅದು ಪುಸ್ತಕದಲ್ಲಿ ಮಾತ್ರ. ದಕ್ಷಿಣದ ಸಿಸಿಲಿಯವರು ಇವತ್ತು ಬೆಳಿಗ್ಗೆ ಆದದ್ದನ್ನೂ ಅದರಲ್ಲಿ ಹೇಳಿಬಿಡುತ್ತಾರೆ. ಅದಕ್ಕೋ ಏನೋ, ಸಿಸಿಲಿಯಿಂದ ಬಂದ ಮಕ್ಕಳಿಗೆ ‘ಹ್ಯಾವ್’ ಇಲ್ಲದ ಭೂತಕಾಲ ಸ್ವಲ್ಪ ಬೇಗ ಹಿಡಿಸುತ್ತದೆ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಹಾಗಾಗಿ ನಿಮ್ಮ ಮಗ ‘ಯೆಸ್ಟರ್ಡೇ ಐ ಹ್ಯಾವ್ ಈಟನ್’ ಅಂದಾಗ ವರ್ಬ್ ತಪ್ಪಿಲ್ಲ. ಈಟ್, ಏಟ್, ಈಟನ್, ಮೂರೂ ಅವನಿಗೆ ಗೊತ್ತು. ಅವನು ಇಟಾಲಿಯನ್ ವಾಕ್ಯಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ್ದಾನೆ. ‘ಐ ಹ್ಯಾವ್ ವೆಂಟ್’ ಅಂತೂ ಇನ್ನೂ ಸ್ಪಷ್ಟ. ‘ಹ್ಯಾವ್’ ಬೇಕು ಅಂತ ಇಟಾಲಿಯನ್ ಹೇಳಿತು, ಭೂತಕಾಲ ಅಂದರೆ ಪಟ್ಟಿಯ ಎರಡನೇ ಕಾಲಂ (ಗೋ, ವೆಂಟ್, ಗಾನ್ ಸಾಲಿನಲ್ಲಿ ವೆಂಟ್) ಅಂತ ಟೀಚರ್ ಹೇಳಿದರು. ಹುಡುಗ ಪಾಪ ಇಬ್ಬರ ಮಾತನ್ನೂ ಕೇಳಿದ!

ಅಂದಹಾಗೆ ನಿಮ್ಮ ಪತ್ರದ ಆ ಇಂಗ್ಲಿಷ್ ಸಾಲನ್ನು ಇನ್ನೊಮ್ಮೆ ಓದಿ. ‘ಲಾಸ್ಟ್ ವೀಕ್’ ಅಂತ ಬಂದಮೇಲೆ ‘ಹ್ಯಾವ್ ಸ್ಪೋಕನ್’ ಬರುವುದಿಲ್ಲ, ‘ಸ್ಪೋಕ್’ ಅಷ್ಟೇ. ಬೆಂಗಳೂರಿನ ಆಫೀಸುಗಳಲ್ಲಿ ದಿನಾ ಕಿವಿಗೆ ಬೀಳುವ ತಪ್ಪು ಇದು. ಮನೆಯಲ್ಲಿ ಅಮ್ಮ, ಶಾಲೆಯಲ್ಲಿ ಇಟಾಲಿಯನ್. ಹುಡುಗ ತಪ್ಪಿಸಿಕೊಳ್ಳುವುದಾದರೂ ಎಲ್ಲಿಗೆ?

ಇನ್ನು ಮಾಡಬೇಕಾದ್ದು. ಪಟ್ಟಿಯನ್ನು ಎರಡು ವಾರ ಮುಚ್ಚಿಡಿ. ಗೋಡೆಯ ಕ್ಯಾಲೆಂಡರ್ ಮುಂದೆ ನಿಲ್ಲಿಸಿ. ವಾಕ್ಯದಲ್ಲಿ ಹೇಳಿದ ಹೊತ್ತಿನ ಮೇಲೆ ಬೆರಳಿಡಲು ಆಗುತ್ತದೆಯೇ? ನಿನ್ನೆ, ಹೋದ ಭಾನುವಾರ, ಮೂರು ದಿನದ ಹಿಂದೆ, 2019ರಲ್ಲಿ. ಬೆರಳಿಡಲು ಆದರೆ ಎರಡನೇ ಕಾಲಂ, ಒಂಟಿಯಾಗಿ. ‘ಹ್ಯಾವ್’ ಹತ್ತಿರವೂ ಸುಳಿಯಬಾರದು. ಬೆರಳಿಡಲು ಜಾಗವೇ ಇಲ್ಲ, ‘ಯಾವತ್ತಾದರೂ ವೆನಿಸ್ ನೋಡಿದ್ದೀಯಾ?’, ‘ಇನ್ನೂ ಊಟ ಮಾಡಿಲ್ಲ’ ಅನ್ನುವ ಥರದ ಮಾತಾದರೆ ‘ಹ್ಯಾವ್’ ಜೊತೆ ಮೂರನೇ ಕಾಲಂ. ಇದರಾಚೆಗೂ ಸೂಕ್ಷ್ಮಗಳಿವೆ. ಹನ್ನೆರಡು ವರ್ಷದವನಿಗೆ ಈಗ ಅವು ಬೇಕಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇವತ್ತು ಆದದ್ದನ್ನು ಐದು ವಾಕ್ಯದಲ್ಲಿ ಹೇಳಿಸಿ. ಅವನು ಹೇಳಿದ್ದಕ್ಕೆ ನೀವು ಒಂದು ಪ್ರಶ್ನೆ ಕೇಳಿ, ಅವನೂ ನಿಮ್ಮನ್ನು ಕೇಳಲಿ. ಆಗ ಇನ್ನೊಂದು ಕಳ್ಳ ಹೊರಗೆ ಬರುತ್ತಾನೆ: ‘ಡಿಡ್ ಯು ವೆಂಟ್?’. ‘ಡಿಡ್’ ಬಂತೆಂದರೆ ಭೂತಕಾಲದ ಕೆಲಸ ಅದೇ ಮುಗಿಸಿತು, ಹಿಂದೆ ಬರುವುದು ಮೊದಲನೇ ಕಾಲಂ. ‘ಡಿಡಂಟ್’ ಬಂದರೂ ಅಷ್ಟೇ. ಪ್ರಶ್ನೆಗೂ ಬೇಡ, ಇಲ್ಲ ಅನ್ನುವುದಕ್ಕೂ ಬೇಡ. ಎರಡನೇ ಕಾಲಂ ಬೇಕಾಗುವುದು ಮಕ್ಕಳು ಹೆದರುವಷ್ಟು ಜಾಸ್ತಿ ಅಲ್ಲ.

ಪಟ್ಟಿಯನ್ನು ಮತ್ತೆ ತೆರೆಯುವಾಗ ಅ ದಿಂದ ಕ್ಷ ತನಕ ಓದಿಸುವ ಹಾಗೆ ಅಕ್ಷರದ ಸಾಲಿನಲ್ಲಿ ಓದಿಸಬೇಡಿ. ಇಲ್ಲಿಯವರು ಇದಕ್ಕೆ ‘ಪಾರಾದಿಗ್ಮಿ’ ಅನ್ನುತ್ತಾರೆ. ಬಿ, ವಾಸ್, ಬೀನ್, ಬಿಕಮ್, ಬಿಕೇಮ್, ಬಿಕಮ್, ಬಿಗಿನ್... ಹೀಗೆ ಮಂತ್ರದಂತೆ. ಮೊದಲ ವರ್ಷ ನಾನೂ ಹೀಗೇ ಮಾಡಿಸಿದ್ದೆ, ನಾಚಿಕೆಯಾಗುತ್ತದೆ. ಒಬ್ಬಳು ಹುಡುಗಿ ಉಸಿರು ಬಿಡದೆ ಪೂರ್ತಿ ಪಟ್ಟಿ ಹೇಳುತ್ತಿದ್ದಳು. ಒಂದು ದಿನ ‘ಥಿಂಕ್’ನ ಭೂತಕಾಲ ಏನಮ್ಮಾ ಅಂತ ಸುಮ್ನೆ ಕೇಳಿದೆ. ಕಣ್ಣು ಮೇಲೆ ಹೋಯಿತು, ತುಟಿ ಅಲ್ಲಾಡತೊಡಗಿತು. ಟೇಕ್, ಟುಕ್, ಟೇಕನ್... ಟೀಚ್... ಟೇರ್... ಟೆಲ್... ‘ಥಾಟ್!’ ಏಳೆಂಟು ಎಷ್ಟು ಅಂದರೆ ಏಳೊಂದರಿಂದ ಮಗ್ಗಿ ಶುರು ಮಾಡುವ ಹುಡುಗರು ನಮ್ಮಲ್ಲೂ ಇದ್ದರಲ್ಲ, ಹಾಗೆ. ಭಾನುವಾರ ಏನು ಮಾಡಿದೆ ಅಂದರೆ ಅವಳ ಉತ್ತರ: ‘ಐ ಹ್ಯಾವ್ ಗೋ ಟು ದಿ ಸೀ’. ಅವತ್ತೇ ಆ ಪಟ್ಟಿಯನ್ನು ಕತ್ತರಿಸಿ ಹಾಕಿದೆ. ನಿಜವಾಗಿ ಕತ್ತರಿಯಲ್ಲೇ.

ಕತ್ತರಿಸಿದ ಚೂರುಗಳನ್ನು ಸದ್ದು ನೋಡಿ ಗುಂಪು ಮಾಡಿ. ಸಿಂಗ್, ಸ್ಯಾಂಗ್, ಸಂಗ್ ಜೊತೆ ರಿಂಗ್, ಡ್ರಿಂಕ್, ಸ್ವಿಮ್, ಬಿಗಿನ್. ಸ್ಪೀಕ್, ಸ್ಪೋಕ್, ಸ್ಪೋಕನ್ ಜೊತೆ ಬ್ರೇಕ್, ಸ್ಟೀಲ್, ಫ್ರೀಜ್, ಚೂಸ್. ನೋ, ನ್ಯೂ, ನೋನ್ ಜೊತೆ ಗ್ರೋ, ಥ್ರೋ, ಬ್ಲೋ. ಬೈ, ಬ್ರಿಂಗ್, ಥಿಂಕ್, ಕ್ಯಾಚ್, ಟೀಚ್ ಎಲ್ಲ ಕೊನೆಗೆ ‘ಆಟ್’ ಅಂತ ಮುಗಿಯುವ ಒಂದೇ ಮನೆಯವರು. ಕಟ್, ಪುಟ್, ಹಿಟ್, ಶಟ್ ಸೋಮಾರಿಗಳು, ಮೂರು ಕಾಲಂನಲ್ಲೂ ಅಲುಗುವುದಿಲ್ಲ. ವಾರಕ್ಕೆ ಒಂದು ಮನೆ ಸಾಕು.

ಇದರಲ್ಲಿ ಹೊಸದೇನೂ ಇಲ್ಲ. ನಿಮ್ಮ ಮಗ ಎರಡು ಭಾಷೆಯಲ್ಲಿ ಇದನ್ನು ಆಗಲೇ ಮಾಡಿದ್ದಾನೆ. ಇಟಾಲಿಯನ್ನಿನ ‘ಎರೆ’ ಗುಂಪಿನ ಕ್ರಿಯಾಪದಗಳನ್ನೇ ನೋಡಿ. ಪ್ರೆಂದೆರೆಗೆ ಪ್ರೇಸೋ, ಕಿಯೂದೆರೆಗೆ ಕಿಯೂಸೋ, ಪೆರ್ದೆರೆಗೆ ಪೆರ್ಸೋ. ಲೆಜ್ಜೆರೆಗೆ ಲೆತ್ತೋ, ಸ್ಕ್ರೀವೆರೆಗೆ ಸ್ಕ್ರಿತ್ತೋ. ಯಾವ ಪಟ್ಟಿ ಓದಿ ಕಲಿತ? ನಮ್ಮ ಕನ್ನಡವಂತೂ ಕೇಳಲೇಬೇಡಿ. ಕೊಡು ಕೊಟ್ಟ, ಇಡು ಇಟ್ಟ, ಬಿಡು ಬಿಟ್ಟ, ಸುಡು ಸುಟ್ಟ, ನೆಡು ನೆಟ್ಟ ಒಂದು ಮನೆ. ಬರು ಬಂದ, ತರು ತಂದ ಇನ್ನೊಂದು. ಬೀಳು ಬಿದ್ದ, ಏಳು ಎದ್ದ. ಹಾಗಂತ ಹೇಳು ಅಂದರೆ ‘ಹೆದ್ದ’ ಅಲ್ಲ! ಸೋಲು ಸೋತ, ಗೆಲ್ಲು ಗೆದ್ದ, ನಿಲ್ಲು ನಿಂತ, ಕೊಲ್ಲು ಕೊಂದ. ಗೆಲ್ಲು, ನಿಲ್ಲು, ಕೊಲ್ಲು ಮೂರೂ ಒಂದೇ ಥರ ಮುಗಿಯುತ್ತವೆ, ಭೂತಕಾಲ ಮೂರು ದಾರಿ. ನನ್ನ ಮಗಳು ಮೂರು ವರ್ಷದವಳಿದ್ದಾಗ ‘ಅಮ್ಮ, ನಾನು ಅಲ್ಲೇ ನಿಲ್ಲಿದೆ’ ಅನ್ನುತ್ತಿದ್ದಳು. ‘ಹೌದಾ, ಅಲ್ಲೇ ನಿಂತ್ಯಾ?’ ಅಂತ ನಾನು ತಿರುಗಿ ಕೇಳುತ್ತಿದ್ದೆ, ಅಷ್ಟೇ. ಪಟ್ಟಿ ಕೊಡಲಿಲ್ಲ. ಮಗನ ಜೊತೆ ನೀವೂ ಹೀಗೇ ಮಾಡಿ. ತಪ್ಪು ಅಂತ ಕೂಗಬೇಡಿ, ಸರಿಯಾದದ್ದನ್ನು ಪ್ರಶ್ನೆಯಲ್ಲಿಟ್ಟು ವಾಪಸ್ ಕೊಡಿ.

ಕಿವಿಯ ತೊಂದರೆ ಒಂದು ಉಳಿಯಿತು. ‘ಡ್ರ್ಯಾಂಕ್’, ‘ಡ್ರಂಕ್’ ಎರಡರ ಸ್ವರವೂ ಇಟಾಲಿಯನ್ನಿನ ಏಳು ಸ್ವರದಲ್ಲಿ ಇಲ್ಲ. ಎಷ್ಟೋ ಮಕ್ಕಳ ಬಾಯಲ್ಲಿ ಎರಡೂ ‘ಡ್ರಾಂಕ್’ ಆಗುತ್ತವೆ. ಕಿವಿಗೆ ಒಂದೇ ಆದಮೇಲೆ ಯಾವ ಕಾಲಂ ಅಂತ ನೆನಪಿರುವುದು ಹೇಗೆ? ಇಲ್ಲಿ ಮಾತ್ರ ನಿಮ್ಮ ಮಗನಿಗೆ ಲಾಟರಿ ಹೊಡೆದಿದೆ. ಕನ್ನಡ ಓದಲು ಬಂದರೆ ಈ ಗುಂಪನ್ನು ಕನ್ನಡ ಅಕ್ಷರದಲ್ಲಿ ಬರೆಸಿ: ರ್‍ಯಾನ್, ರನ್, ಸ್ವ್ಯಾಮ್, ಸ್ವಮ್, ಬಿಗ್ಯಾನ್, ಬಿಗನ್. ಬ್ಯಾಂಕ್, ಬ್ಯಾಟು ಅನ್ನುವ ಬಾಯಿಗೆ ಇದು ಕಷ್ಟವೇ ಅಲ್ಲ. ‘ರೀಡ್, ರೆಡ್, ರೆಡ್’ ಅನ್ನೂ ಹಾಗೇ ಬರೆಸಿ. ಇಂಗ್ಲಿಷಿನಲ್ಲಿ ಮೂರಕ್ಕೂ ಕಾಗುಣಿತ ಒಂದೇ, ಕನ್ನಡದಲ್ಲಿ ಕಣ್ಣಿಗೇ ಕಾಣುತ್ತದೆ. ಕನ್ನಡ ಬಿಟ್ಟರೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅಂತ ಯಾರೋ ನಿಮಗೆ ಹೇಳಿರುತ್ತಾರೆ. ಅವರನ್ನು ನನ್ನ ಹತ್ತಿರ ಕಳಿಸಿ.

ಪ್ರಶ್ನೆ: ನಿದ್ದೆಯಲ್ಲಿ ಕೇಳಿಸಿಕೊಂಡರೆ ಮೂರು ರಾತ್ರಿಯಲ್ಲಿ ನೂರು ವರ್ಬ್ ಬರುತ್ತದೆ ಅನ್ನುವ ಆಡಿಯೋ ಕೋರ್ಸ್ 149 ಯೂರೋಗೆ ಸಿಗುತ್ತಿದೆ. ಕೊಳ್ಳಬಹುದಾ?

ಆ ದುಡ್ಡಿಗೆ ಒಳ್ಳೆ ಹಾಸಿಗೆ ಕೊಳ್ಳಿ. ಮಲಗುವ ಮುಂಚೆ ಎಚ್ಚರದಲ್ಲಿ ಓದಿದ್ದು ನಿದ್ದೆಯಲ್ಲಿ ಗಟ್ಟಿಯಾಗುತ್ತದೆ, ಅದು ನಿಜ. ಓದದೇ ಇದ್ದದ್ದು ಗಟ್ಟಿಯಾಗುವುದು ಹೇಗೆ? ಗಿಡವೇ ನೆಡದೆ ರಾತ್ರಿಯಿಡೀ ನೀರು ಹಾಯಿಸಿದ ಹಾಗೆ. ‘ವಿಜ್ಞಾನಿಗಳೇ ಒಪ್ಪಿದ್ದಾರೆ’ ಅಂತ ಬರೆದು, ಯಾವ ವಿಜ್ಞಾನಿ ಅಂತ ಬರೆಯದ ಜಾಹೀರಾತು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಂಥದ್ದರಲ್ಲಿ ದುಡ್ಡು ಕಳೆದುಕೊಂಡು ಆಮೇಲೆ ‘ನನ್ನ ತಲೆಗೆ ಭಾಷೆ ಹತ್ತುವುದಿಲ್ಲ’ ಅಂತ ಕೂತವರನ್ನು ಕ್ಲಾಸಿನಲ್ಲಿ ನೋಡಿದ್ದೇನೆ. ದುಡ್ಡಿಗಿಂತ ಆ ಮಾತೇ ಹೆಚ್ಚು ಬೇಜಾರು.

ಪ್ರಶ್ನೆ: ಇಂಗ್ಲಿಷಿನಲ್ಲಿ ಒಟ್ಟು ಎಷ್ಟು ಇರ್‍ರೆಗ್ಯುಲರ್ ವರ್ಬ್ ಇವೆ? ಕಾಲಕ್ರಮೇಣ ಎಲ್ಲ ರೆಗ್ಯುಲರ್ ಆಗುತ್ತವಂತೆ, ನಿಜವಾ?

ಕಾಯುತ್ತಾ ಕೂರಬೇಡಿ. 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಹಳೆಯ ಇಂಗ್ಲಿಷಿನ 177 ಇರ್‍ರೆಗ್ಯುಲರ್ ವರ್ಬ್‌ಗಳನ್ನು ತೆಗೆದುಕೊಂಡು ಅವುಗಳ ಜಾಡು ಹಿಡಿದರು. ಅವುಗಳಲ್ಲಿ ಇವತ್ತಿಗೂ ಹಾಗೇ ಉಳಿದಿರುವುದು 98. ಉಳಿದವು ‘ಎಡ್’ ಹಚ್ಚಿಕೊಂಡು ಸಾಧುವಾದವು. ‘ಹೆಲ್ಪ್’ ಕೂಡ ಹಿಂದೆ ಇರ್‍ರೆಗ್ಯುಲರ್ ಆಗಿತ್ತು. 1611ರ ಇಂಗ್ಲಿಷ್ ಬೈಬಲ್‌ನಲ್ಲಿ ಕೆಲವು ಕಡೆ ‘ಹೆಲ್ಪ್ಡ್’ ಬರಬೇಕಾದಲ್ಲಿ ‘ಹೋಲ್ಪನ್’ ಅಂತಿದೆ. ಆದರೆ ಅದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ: ನೂರು ಪಟ್ಟು ಕಡಿಮೆ ಬಳಕೆಯ ವರ್ಬ್ ಹತ್ತು ಪಟ್ಟು ಬೇಗ ಸಾಧುವಾಗುತ್ತದೆ. ಅಂದರೆ ಬಾಯಲ್ಲಿ ದಿನಾ ಉರುಳುವ ಬಿ, ಹ್ಯಾವ್, ಡೂ, ಗೋ, ಸೇ, ಸೀ, ಟೇಕ್, ಗೆಟ್ ಅಲುಗುವುದಿಲ್ಲ. ನಿಮಗೆ ಬೇಕಾಗಿರುವುದು ಅವೇ. ಒಟ್ಟು ಎಷ್ಟು ಅನ್ನುವ ಲೆಕ್ಕ ಕ್ವಿಜ್ ಆಡುವವರಿಗೆ ಬಿಡಿ.

ಪ್ರಶ್ನೆ: ನನ್ನ ಗಂಡ ಇಟಾಲಿಯನ್. ‘ಐ ಆಮ್ ಬಾರ್ನ್ ಇನ್ 1984’ ಅನ್ನುತ್ತಾರೆ. ನಾನು ‘ಐ ಬಾರ್ನ್ ಇನ್ ಹಾಸನ’ ಅನ್ನುತ್ತೇನೆ. ಯಾರದ್ದು ಸರಿ?

ಇಬ್ಬರದೂ ತಪ್ಪು, ಸಂಸಾರ ಸುಖವಾಗಿರುತ್ತದೆ. ‘ಐ ವಾಸ್ ಬಾರ್ನ್’ ಅನ್ನಬೇಕು. ಅವರು ‘ಸೋನೋ ನಾತೋ’ ಅನ್ನುವುದನ್ನು ಪದಕ್ಕೆ ಪದ ಇಟ್ಟಿದ್ದಾರೆ. ‘ಸೋನೋ’ ಅಂದರೆ ‘ಆಮ್’. ನೀವು ‘ಹುಟ್ಟಿದೆ’ ಅನ್ನುವ ಒಂದೇ ಪದಕ್ಕೆ ಒಂದೇ ಪದ ಇಟ್ಟಿದ್ದೀರಿ. ಇಟಾಲಿಯನ್ನಿನಲ್ಲಿ ಹೋಗು, ಬರು, ಹುಟ್ಟು, ಸಾಯು ಇಂಥವೆಲ್ಲ ‘ಆಮ್’ ಜೊತೆ ನಡೆಯುತ್ತವೆ. ಅದಕ್ಕೇ ನಿಮ್ಮ ಯಜಮಾನರು ‘ಐ ಆಮ್ ಗಾನ್ ಟು ರೋಮ್ ಲಾಸ್ಟ್ ಇಯರ್’ ಅಂತಲೂ ಅನ್ನುತ್ತಿರುತ್ತಾರೆ. ಅನ್ನುತ್ತಾರೆ ಅಲ್ವಾ? ‘ಐ ವೆಂಟ್’ ಅಂತ ತಿದ್ದಿ. ಎಲ್ಲರ ಎದುರಿಗೆ ಮಾತ್ರ ಬೇಡ.

ಪ್ರಶ್ನೆ: ‘ಬರ್ನ್ಡ್’ ಸರಿಯೋ, ‘ಬರ್ನ್ಟ್’ ಸರಿಯೋ?

ಎರಡೂ. ಅನ್ನ ಸೀದದ್ದು ಸೀದದ್ದೇ.

ಪ್ರಶ್ನೆ: ಅಮೆರಿಕದವರು ‘ಗಾಟನ್’ ಅನ್ನುತ್ತಾರೆ, ಟೀಚರ್ ತಪ್ಪು ಹಾಕಿದ್ದಾರೆ.

ತಪ್ಪಲ್ಲ. ‘ಗೆಟ್’ನ ಮೂರನೇ ಕಾಲಂ ಬ್ರಿಟಿಷರ ಬಾಯಲ್ಲಿ ‘ಗಾಟ್’, ಅಮೆರಿಕದವರ ಬಾಯಲ್ಲಿ ‘ಗಾಟನ್’. ಆದರೆ ಅಂಕ ಹಾಕುವವರ ಜೊತೆ ಇದಕ್ಕೆಲ್ಲ ಜಗಳಕ್ಕೆ ನಿಲ್ಲಬೇಡಿ.

ಪ್ರಶ್ನೆ: ‘ಹ್ಯಾಂಗ್’ಗೆ ‘ಹಂಗ್’ ಅಂತ ಕಲಿತಿದ್ದೆ. ‘ಹ್ಯಾಂಗ್ಡ್’ ಅಂತಲೂ ಇದೆಯಂತೆ?

ಗೋಡೆಗೆ ಫೋಟೋ ತೂಗುಹಾಕಿದರೆ ‘ಹಂಗ್’. ಮನುಷ್ಯನನ್ನು ಗಲ್ಲಿಗೇರಿಸಿದರೆ ‘ಹ್ಯಾಂಗ್ಡ್’. ನಿಮಗೆ ಮೊದಲನೆಯದೇ ಸಾಕಾಗುತ್ತದೆ ಅಂದುಕೊಂಡಿದ್ದೇನೆ.