ಕೆಂಪು ನ್ಯಾಟ್‌ನಿಂದ ಸೆಖೋನ್‌ರ ನ್ಯಾಟ್ ಆಗುತ್ತದೆಯೇ?

ದಾವಣಗೆರೆಯ ಓದುಗರೊಬ್ಬರ ಪತ್ರದ ಸಾರ ಇದು: 1971ರ ಡಿಸೆಂಬರ್ 14ರಂದು ಭಾರತೀಯ ವಾಯುಪಡೆಯ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಶ್ರೀನಗರದಿಂದ ಹಾರಿಸಿದ ನ್ಯಾಟ್ ಎಂಬ ಪುಟ್ಟ ಜೆಟ್ ಯುದ್ಧವಿಮಾನದ ಮಾದರಿ ಮಾಡಬೇಕೆಂದಿದ್ದಾರೆ. ಕೈಗೆ ಸಿಕ್ಕಿರುವುದು ಬ್ರಿಟನ್ನಿನ ರೆಡ್ ಆರೋಸ್ ಎಂಬ ವೈಮಾನಿಕ ಕಸರತ್ತಿನ ತಂಡದ ಕೆಂಪು ನ್ಯಾಟ್‌ನ 1/72 (ನಿಜ ವಿಮಾನದ 72ನೇ ಒಂದು ಭಾಗದ) ಕಿಟ್. ಹಿಂದಿನ ಸೀಟು ಮುಚ್ಚಿ ಬಣ್ಣ ಬದಲಿಸಿದರೆ ಸಾಲದೇ ಎಂದು ಕೇಳಿದ್ದಾರೆ.

ಸಾಲದು. ರೆಡ್ ಆರೋಸ್ 1965ರಿಂದ 1979ರವರೆಗೆ ಹಾರಿಸಿದ್ದು ಎರಡು ಸೀಟಿನ ತರಬೇತಿ ವಿಮಾನ. ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ಕಟ್ಟಿದ್ದು ಒಂದೇ ಸೀಟಿನ ಯುದ್ಧವಿಮಾನ. ಎರಡೂ ಫಾಲಂಡ್ ಕಂಪನಿಯ ವಿನ್ಯಾಸಗಳೇ, ಆದರೆ ತರಬೇತಿ ವಿಮಾನಕ್ಕೆ ರೆಕ್ಕೆಯನ್ನೇ ಹೊಸದಾಗಿ ಮಾಡಿದ್ದರು.

ಅಳತೆ ನೋಡಿ. ಯುದ್ಧವಿಮಾನದ ಉದ್ದ 8.74 ಮೀಟರ್, ರೆಕ್ಕೆಯ ಹರವು 6.73 ಮೀಟರ್, ನಿಮ್ಮ 1/72 ಮಾದರಿಯಲ್ಲಿ ಸುಮಾರು 121 ಮತ್ತು 93.5 ಮಿ.ಮೀ. ತರಬೇತಿ ವಿಮಾನದ್ದು 134 ಮತ್ತು 102 ಮಿ.ಮೀ. ಹರವಿನ ವ್ಯತ್ಯಾಸ ಎಂಟೇ ಮಿ.ಮೀ. ಅಲ್ಲವೇ, ತುದಿ ಕತ್ತರಿಸಿದರಾಯಿತು ಅನ್ನಿಸುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ರೆಕ್ಕೆಯ ವಿಸ್ತೀರ್ಣ ಒಂದರಲ್ಲಿ ಸುಮಾರು 12.7 ಚದರ ಮೀಟರ್, ಇನ್ನೊಂದರಲ್ಲಿ 16.3. ಅಂದರೆ ಕಿಟ್‌ನ ರೆಕ್ಕೆ ಮುಂದಿನಿಂದ ಹಿಂದಕ್ಕೂ ಸರಾಸರಿ 4ರಿಂದ 5 ಮಿ.ಮೀ. ಹೆಚ್ಚು ಅಗಲ. ತುದಿ ಮಾತ್ರ ಕತ್ತರಿಸಿದರೆ ಮೊಂಡು ರೆಕ್ಕೆಯ ಬೇರೆಯೇ ವಿಮಾನವಾಗುತ್ತದೆ. ಪ್ಲಾಸ್ಟಿಕ್ ಶೀಟಿನಲ್ಲಿ ಹೊಸ ರೆಕ್ಕೆ ಕೊರೆಯುವುದೇ ಮೇಲು. ಗೆರೆ ಕೊರೆಯುವಾಗಲೂ ಎಚ್ಚರ: ಯುದ್ಧವಿಮಾನದಲ್ಲಿ ಫ್ಲ್ಯಾಪ್ (ಇಳಿಯುವಾಗ ಕೆಳಗೆ ಬಾಗುವ ರೆಕ್ಕೆಯ ಹಿಂಬದಿ ಪಟ್ಟಿ) ಪ್ರತ್ಯೇಕವಾಗಿಲ್ಲ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ಒಳಬದಿಯ ಏಲೆರಾನ್ ಪಟ್ಟಿಗಳೇ ಕೆಳಗಿಳಿದು ಆ ಕೆಲಸ ಮಾಡುತ್ತವೆ. ಬಾಲವೂ ಕಿಟ್‌ನಲ್ಲಿ ದೊಡ್ಡದು, ಅದನ್ನು ಉಜ್ಜಿ ಕುಗ್ಗಿಸಿ.

ಕಿಟ್‌ನಲ್ಲಿಲ್ಲದ ಮುಖ್ಯ ವಸ್ತು ಗನ್. ಎರಡು 30 ಮಿ.ಮೀ. ಏಡನ್ ಗನ್‌ಗಳು, ಗಾಳಿ ಒಳಹೋಗುವ ಬಾಯಿಗಳ ಹೊರಗೋಡೆಯಲ್ಲಿ ಒಂದೊಂದು. ಆ ರಂಧ್ರಗಳಿಲ್ಲದೆ ಇದು ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳ ಬೆನ್ನಟ್ಟಿದ ವಿಮಾನವಾಗದು.

ಇನ್ನೊಂದು ಮಾತು: ಮಾದರಿಗೆಂದು ಸ್ಮಾರಕವಾಗಿ ನಿಲ್ಲಿಸಿದ ವಿಮಾನಗಳ ಫೋಟೊ ತೆಗೆಯುವಾಗ ಅದು ನ್ಯಾಟೋ ಅಜೀತೋ ಖಚಿತಪಡಿಸಿಕೊಳ್ಳಿ. ಅಜೀತ್ 1975ರಲ್ಲಿ ಮೊದಲು ಹಾರಿದ, ಎಚ್‌ಎಎಲ್ ಸುಧಾರಿಸಿದ ರೂಪ. ರೆಕ್ಕೆಯೊಳಗೇ ಇಂಧನ ತುಂಬುವಂತೆ ಮಾಡಿದ್ದರಿಂದ ರೆಕ್ಕೆಯಡಿಯ ಜಾಗ ಶಸ್ತ್ರಗಳಿಗೆ ಬಿಡುವಾಯಿತು. ಸೀಟೂ ಮಾರ್ಟಿನ್-ಬೇಕರ್ ಕಂಪನಿಯದು, ನ್ಯಾಟ್‌ನ ಹಗುರ ಸೀಟು ಅಲ್ಲ. ಆ ಸೀಟನ್ನು ನೋಡಿ 1971ರ ಕಾಕ್‌ಪಿಟ್ ಮಾಡಿದರೆ ತಪ್ಪಾಗುತ್ತದೆ.

ಇಷ್ಟೆಲ್ಲ ಕತ್ತರಿಸುವ ಬದಲು ಒಂದೇ ಸೀಟಿನ ನ್ಯಾಟ್ ಕಿಟ್ ಹುಡುಕಿ ಎಂಬುದೇ ನಮ್ಮ ಸಲಹೆ. ಯಾವುದೇ ಆಗಲಿ, ಮೈ ಅಂಟಿಸುವ ಮುನ್ನ ಟೇಪ್ ಸುತ್ತಿ ಚಕ್ರಗಳ ಮೇಲೆ ನಿಲ್ಲಿಸಿ ನೋಡಿ. ಬಾಲ ಕೂತರೆ ಮೂತಿಯೊಳಗೆ ಸೀಸದ ಚೂರು ಸೇರಿಸಿ. ಅಂಟಿಸಿದ ಮೇಲೆ ಅಲ್ಲಿಗೆ ಕೈ ಹೋಗದು.

— ಸಂಪಾದಕ