ಆಯುಷ್ಮಾನ್ ಕಾರ್ಡಿಗೆ ಸ್ಕ್ಯಾನ್ ಮಾಡುವ ರೇಡಿಯಾಲಜಿಸ್ಟ್ ಕಲಬುರಗಿಯಲ್ಲಿ ಯಾರಿದ್ದಾರೆ?

ಅವ್ವನಿಗೆ ಸೊಂಟದಿಂದ ಕಾಲಿಗೆ ಇಳಿಯುವ ನೋವು, ಡಾಕ್ಟರ್ ಎಂಆರ್‌ಐ ಬರೆದಿದ್ದಾರೆ, ಮನೆಯಲ್ಲಿ ಬಿಪಿಎಲ್ ಕಾರ್ಡೂ ಇದೆ, ಆಯುಷ್ಮಾನ್ ಕಾರ್ಡೂ ಇದೆ, ಅದನ್ನು ತಗೊಳ್ಳುವ ರೇಡಿಯಾಲಜಿಸ್ಟ್ ಯಾರು ಅಂತ ಕೇಳಿದ್ದೀರಿ. ತಮ್ಮ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿದ್ದಾನೆ ಅಂತಲೂ ಬರೆದಿದ್ದೀರಿ. ಎರಡು ವರ್ಷದ ಹಿಂದೆ ನಾನೂ ನಮ್ಮ ಅವ್ವನನ್ನು ಕರೆದುಕೊಂಡು ಇದೇ ಪ್ರಶ್ನೆ ಕೇಳುತ್ತಾ ಸೂಪರ್ ಮಾರ್ಕೆಟ್‌ನಿಂದ ಸೇಡಂ ರೋಡ್‌ತನಕ ಅಲೆದಿದ್ದೇನೆ. ನಿಮಗೆ ಆ ಅಲೆದಾಟ ಬೇಡ.

ಮೊದಲು ಒಂದು ಮಾತು. ರೇಡಿಯಾಲಜಿಸ್ಟ್ ಹೆಸರು ಹುಡುಕುವುದನ್ನು ಬಿಡಿ, ಆಸ್ಪತ್ರೆ ಹುಡುಕಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ನೋಂದಣಿ ಆಗುವುದು ಆಸ್ಪತ್ರೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಇರುವ ಸೌಲಭ್ಯ ಹೆಚ್ಚಾಗಿ ಅಡ್ಮಿಟ್ ಆಗಿ ಪಡೆಯುವ ಚಿಕಿತ್ಸೆಗೆ. ಸ್ಕ್ಯಾನ್ ಖರ್ಚು ಆ ಚಿಕಿತ್ಸೆಯ ಪ್ಯಾಕೇಜಿನ, ಅಂದರೆ ಯೋಜನೆ ಅದಕ್ಕೆ ಗೊತ್ತು ಮಾಡಿದ ಒಟ್ಟು ದರದ ಒಳಗೇ ಬರುತ್ತದೆ. ಹೊರಗಿನ ಸ್ಕ್ಯಾನಿಂಗ್ ಸೆಂಟರಿಗೆ ಚೀಟಿ ಹಿಡಿದು ಹೋಗಿ ಕಾರ್ಡ್ ತೋರಿಸಿದರೆ, ಅಲ್ಲಿ ಎಷ್ಟೇ ಒಳ್ಳೆಯ ಡಾಕ್ಟರ್ ಇದ್ದರೂ ‘ಇದು ಇಲ್ಲಿ ನಡೆಯಲ್ಲ’ ಅಂತಲೇ ಹೇಳುತ್ತಾರೆ.

ನಾವು ಎಡವಿದ್ದು ಇಲ್ಲೇ. ಯಾರೋ ಹೇಳಿದರು ಅಂತ ಒಂದು ಖಾಸಗಿ ಸೆಂಟರಿನಲ್ಲಿ 6,500 ರೂಪಾಯಿ ಕೊಟ್ಟು ಎಂಆರ್‌ಐ ಮಾಡಿಸಿದೆವು. ಅದರಲ್ಲಿ ಅರ್ಧ ಸಾಲ. ಹದಿನೈದು ದಿನದ ಮೇಲೆ ಯೋಜನೆಯಲ್ಲಿದ್ದ ಆಸ್ಪತ್ರೆಯಲ್ಲಿ ಅವ್ವನ ಆಪರೇಷನ್ ಆಯಿತು. ಅದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ. ಸ್ಕ್ಯಾನಿನ ದುಡ್ಡು ಮಾತ್ರ ಹೋಗಿದ್ದು ಹೋಯಿತು. ಆಯುಷ್ಮಾನ್‌ನಲ್ಲಿ ಅಡ್ಮಿಟ್ ಆಗುವ ಮುಂಚಿನ 3 ದಿನ ಮತ್ತು ಡಿಸ್ಚಾರ್ಜ್ ಆದ ಮೇಲಿನ 15 ದಿನದ ಪರೀಕ್ಷೆ, ಔಷಧ ಸೇರುತ್ತವೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಮೊದಲೇ ಆಸ್ಪತ್ರೆಗೆ ಹೋಗಿ, ಅಲ್ಲಿನ ಡಾಕ್ಟರ್ ಕೈಯಲ್ಲೇ ಬರೆಸಿದ್ದರೆ ಆ ಸಾಲ ಆಗುತ್ತಿರಲಿಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನೀವು ಸರ್ಕಾರಿ ಆಸ್ಪತ್ರೆಯಿಂದಲೇ ಶುರು ಮಾಡಿ. ಕಲಬುರಗಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಜಿಮ್ಸ್ ಇದೆ. ಬೀದರ್ ಕಡೆಯವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್. ಓಪಿಡಿಯಲ್ಲಿ ಮೂಳೆ ವಿಭಾಗಕ್ಕೆ ಚೀಟಿ ಮಾಡಿಸಿ, ಹಳೆಯ ಡಾಕ್ಟರ್ ಬರೆದ ಚೀಟಿಯನ್ನೂ ತೋರಿಸಿ. ಸ್ಕ್ಯಾನ್ ಅಲ್ಲೇ ಬರೆದರೆ ಬಿಪಿಎಲ್ ಕಾರ್ಡ್ ತೋರಿಸಿ ದುಡ್ಡು ಕಟ್ಟಬೇಕಾ ಅಂತ ಕೌಂಟರಿನಲ್ಲಿ ಕೇಳಿ. ಅದೇ ದಿನ ಆಗಲಿಕ್ಕಿಲ್ಲ, ಮುಂದಿನ ತಾರೀಖು ಕೊಡಬಹುದು. ಅದಕ್ಕೆ ಬೇಜಾರಾಗಿ ಹೊರಗೆ ಓಡಬೇಡಿ. ಆದರೆ ಕಾಲಿನಲ್ಲಿ ಶಕ್ತಿಯೇ ಹೋಗುತ್ತಿದ್ದರೆ, ಮೂತ್ರ ಕಟ್ಟಿದರೆ, ತಾರೀಖಿಗೆ ಕಾಯಬಾರದು. ಸೀದಾ ಎಮರ್ಜೆನ್ಸಿಗೆ ಹೋಗಿ.

ಬೇಕಾದ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲದಿದ್ದರೆ ಅವರೇ ರೆಫರಲ್ ಲೆಟರ್ ಕೊಡುತ್ತಾರೆ. ಅದು ಕೈಯಲ್ಲಿದ್ದರೆ ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಅಲ್ಲಿ ಡಾಕ್ಟರನ್ನು ಕಾಣುವ ಮೊದಲು ಆರೋಗ್ಯ ಮಿತ್ರ, ಅಂದರೆ ಯೋಜನೆಯ ರೋಗಿಗಳಿಗೆ ನೆರವಾಗುವ ಸಿಬ್ಬಂದಿ, ಕೂತಿರುವ ಟೇಬಲ್ಲಿಗೆ ಹೋಗಿ. ನಾನು ಅವತ್ತು ಕೇಳದೇ ಬಿಟ್ಟ ಪ್ರಶ್ನೆಗಳನ್ನೇ ನೀವು ಕೇಳಿ: ‘ಎಂಆರ್‌ಐ ಮಷಿನ್ ನಿಮ್ಮಲ್ಲೇ ಇದೆಯಾ, ಇಲ್ಲ ಹೊರಗೆ ಕಳಿಸುತ್ತೀರಾ? ಹೊರಗೆ ಕಳಿಸಿದರೆ ದುಡ್ಡು ಯಾರು ಕಟ್ಟುತ್ತಾರೆ?’ ಉತ್ತರ ಸರಿ ಬರದಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಅಥವಾ ಆಯುಷ್ಮಾನ್ ಸಹಾಯವಾಣಿ 14555ಕ್ಕೆ ಅಲ್ಲಿಂದಲೇ ಫೋನ್ ಮಾಡಿ. ಯಾವ ಆಸ್ಪತ್ರೆ ಪಟ್ಟಿಯಲ್ಲಿದೆ ಅನ್ನುವುದನ್ನೂ ಹೇಳುತ್ತಾರೆ.

ಎಪಿಎಲ್‌ನವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೆ ಪ್ಯಾಕೇಜ್ ದರದ ಶೇಕಡ 30 ಸಿಗುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ತನಕ.

ಈಗ ನಿಮ್ಮ ತಮ್ಮನ ವಿಷಯ. ಅವನ ಸಂಬಳದ ಚೀಟಿ ತೆಗೆದು ನೋಡಿ. ಇಎಸ್‌ಐ, ಅಂದರೆ ಕಾರ್ಮಿಕರ ಆರೋಗ್ಯ ವಿಮೆ, ಅಂತ ಶೇಕಡ 0.75 ಕಡಿತ ಆಗುತ್ತಿದೆಯಾ? ತಿಂಗಳಿಗೆ 21,000 ರೂಪಾಯಿ ತನಕ ಸಂಬಳ ಇರುವವರು ಇದರಲ್ಲಿ ಬರುತ್ತಾರೆ. ಅವ್ವ ಅವನ ಮೇಲೆ ಅವಲಂಬಿತರಾಗಿದ್ದು, ಹೆಸರು ಸೇರಿಸಿದ್ದರೆ, ಇಎಸ್‌ಐನಲ್ಲಿ ಅಡ್ಮಿಟ್ ಆಗದೆಯೂ ಪರೀಕ್ಷೆ ಮಾಡಿಸಬಹುದು. ಸೇಡಂ ರೋಡ್‌ನಲ್ಲಿ ಇಎಸ್‌ಐಸಿ ಮೆಡಿಕಲ್ ಕಾಲೇಜು ಆಸ್ಪತ್ರೆಯೇ ಇದೆ. ಬರೀ ಸ್ಕ್ಯಾನ್ ಬೇಕಾದವರಿಗೆ ನನ್ನ ಪ್ರಕಾರ ಆಯುಷ್ಮಾನ್‌ಗಿಂತ ಇದೇ ಹತ್ತಿರದ ದಾರಿ. ಹೆಸರು ಸೇರಿಸಿಲ್ಲವಾದರೆ ಕಾರ್ಖಾನೆಯ ಆಫೀಸಿನಲ್ಲಿ ಇವತ್ತೇ ಕೇಳಲು ಹೇಳಿ.

ಎಲ್ಲಿ ಮಾಡಿಸಿದರೂ ರಿಪೋರ್ಟಿನ ಕೆಳಗೆ ಯಾರ ಸಹಿ ಇದೆ ನೋಡಿ. ರೇಡಿಯಾಲಜಿ ಓದಿದವರಾದರೆ ಹೆಸರಿನ ಮುಂದೆ ಎಂಡಿ, ಡಿಎನ್‌ಬಿ ಅಥವಾ ಡಿಎಂಆರ್‌ಡಿ ಅಂತ ಇರುತ್ತದೆ, ಜೊತೆಗೆ ನೋಂದಣಿ ಸಂಖ್ಯೆ. ಫಿಲ್ಮ್ ಅಥವಾ ಸಿಡಿ ಕೇಳಿ ಇಸಿದುಕೊಳ್ಳಿ. ಆಪರೇಷನ್ ಮಾಡುವ ಡಾಕ್ಟರ್ ರಿಪೋರ್ಟಿಗಿಂತ ಜಾಸ್ತಿ ಫಿಲ್ಮನ್ನೇ ನೋಡುತ್ತಾರೆ. ನಮ್ಮ ಅವ್ವನ ಫಿಲ್ಮನ್ನು ಕಿಟಕಿ ಬೆಳಕಿಗೆ ಹಿಡಿದು, ಬೆನ್ನೆಲುಬಿನಲ್ಲಿ ಒತ್ತಿಕೊಂಡ ಜಾಗವನ್ನು ಪೆನ್ನಿನ ತುದಿಯಿಂದ ತೋರಿಸಿದ್ದರು.

ಇನ್ನೊಂದು ವಿಷಯ, ಇದನ್ನು ಅವ್ವನಿಗೆ ಮನೆಯಲ್ಲೇ ಹೇಳಿಡಿ. ಎಂಆರ್‌ಐ ಕೋಣೆಗೆ ಲೋಹ ಒಯ್ಯುವಂತಿಲ್ಲ. ಬಳೆ, ಕಾಲುಂಗುರ, ಮೂಗುಬೊಟ್ಟು, ತಾಳಿ ಎಲ್ಲಾ ತೆಗೆಯಬೇಕು. ನಮ್ಮ ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. ‘ನಿಮ್ಮಪ್ಪ ಗಟ್ಟಿ ಇರೂತನಾ ತಾಳಿ ತೆಗ್ಯಾಂಗಿಲ್ಲ’ ಅಂತ ಕಣ್ಣೀರು ಹಾಕಿದಳು. ಹಿಂದೆ ಸಾಲಿನಲ್ಲಿದ್ದ ಒಬ್ಬ ಅಜ್ಜಿ ಎದುರಿನ ಕಿರಾಣಿ ಅಂಗಡಿಯಿಂದ ಅರಿಶಿನ ಕೊಂಬು, ದಾರ ತರಿಸಿ, ತಾವೇ ಅವ್ವನ ಕೊರಳಿಗೆ ಕಟ್ಟಿದರು. ಆಮೇಲೆಯೇ ಅವ್ವ ಒಳಗೆ ಹೋದಳು. ನೀವು ಹೊರಡುವಾಗ ಆಧಾರ್, ರೇಷನ್ ಕಾರ್ಡಿನ ಜೊತೆ ಒಂದು ಅರಿಶಿನ ಕೊಂಬು, ದಾರವನ್ನೂ ಚೀಲದಲ್ಲಿ ಇಟ್ಟುಕೊಳ್ಳಿ. ಹಿಂದೆ ಆಪರೇಷನ್ ಆಗಿ ಮೈಯೊಳಗೆ ರಾಡ್, ಪೇಸ್‌ಮೇಕರ್ ಏನಾದರೂ ಇದ್ದರೆ ಅದನ್ನು ಮೊದಲೇ ಹೇಳಬೇಕು, ಮರೆಯಬೇಡಿ.