‘ಸಂಸ್ಕಾರ’ದ ಪ್ರಾಣೇಶಾಚಾರ್ಯರ ಗುಣಗಳಿಗೆ ಪಠ್ಯದಿಂದ ಆಧಾರ ಕೊಡುವುದು ಹೇಗೆ?

ಕರುಣಾಳು, ವಿದ್ವಾಂಸ, ದುರ್ಬಲ ಎಂದು ಮೂರು ಗುಣಗಳನ್ನು ಆರಿಸಿಕೊಂಡು ಒಂದೊಂದಕ್ಕೂ ಯು.ಆರ್. ಅನಂತಮೂರ್ತಿಯವರ ಈ ಕಾದಂಬರಿಯಿಂದ ಸಾಲು ಹುಡುಕುತ್ತಿರುವುದಾಗಿ ಬರೆದು, ಒಂದು ಗುಣಕ್ಕೆ ಎಷ್ಟು ಉದ್ಧರಣೆ ಸಾಕು ಎಂದು ಕೇಳಿದ್ದೀರಿ. ಎಂ.ಎ. ಓದುವಾಗ ನಾನು ಸಂಪ್ರಬಂಧಕ್ಕೆ ಆರಿಸಿಕೊಂಡದ್ದೂ ಇದೇ ಪಾತ್ರ, ಹಿಡಿದ ದಾರಿಯೂ ಇದೇ. ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಗುಣವನ್ನೂ ಬಲಕ್ಕೆ ಪುಟಸಂಖ್ಯೆ ಸಮೇತ ಸಾಲನ್ನೂ ಬರೆದುಕೊಳ್ಳುತ್ತಿದ್ದೆ. ಬಲಭಾಗ ತುಂಬಿದರೆ ವಿಶ್ಲೇಷಣೆ ಮುಗಿದಂತೆ ಎಂದೇ ನಂಬಿದ್ದೆ.

‘ಕರುಣೆ’ಯ ಎದುರಿಗೆ ನಾನು ಬರೆದುಕೊಂಡದ್ದು ಕಾದಂಬರಿಯ ಆರಂಭವನ್ನು. ಆಚಾರ್ಯರು ಕಾಯಿಲೆಯ ಹೆಂಡತಿ ಭಾಗೀರಥಿಯನ್ನು ಮೀಯಿಸಿ, ಮಡಿ ಉಡಿಸಿ, ಪೂಜೆಯ ನಂತರ ಪ್ರಸಾದದ ಹೂವನ್ನು ಅವಳ ಮುಡಿಗೆ ಮುಡಿಸುತ್ತಾರೆ. ಇದಕ್ಕಿಂತ ಒಳ್ಳೆಯ ಆಧಾರ ಬೇಕೆಂದು ನನಗೆ ಅನ್ನಿಸಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಹಿರಿಯ ಅಧ್ಯಾಪಕರೊಬ್ಬರು, ‘ಆಚಾರ್ಯರು ಹೆಂಡತಿಗೆ ಮತ್ತೊಮ್ಮೆ ಸ್ನಾನ ಮಾಡಿಸುವ ಪ್ರಸಂಗ ಇದೆಯಲ್ಲ, ಅದನ್ನು ಎಲ್ಲಿ ಚರ್ಚಿಸಿದ್ದೀರಿ?’ ಎಂದು ಕೇಳಿದರು. ನಾನು ಎಲ್ಲಿಯೂ ಚರ್ಚಿಸಿರಲಿಲ್ಲ. ಆಚಾರ ಬಿಟ್ಟು ಬದುಕಿ ಸತ್ತ ಬ್ರಾಹ್ಮಣ ನಾರಣಪ್ಪನೊಡನೆ ಬಾಳುತ್ತಿದ್ದವಳು ಚಂದ್ರಿ. ಕಾಡಿನಲ್ಲಿ ಅವಳ ಜೊತೆ ಕಳೆದ ರಾತ್ರಿಯ ನಂತರ ಅವರು ಮತ್ತೆ ಹೆಂಡತಿಯನ್ನು ಮೀಯಿಸುತ್ತಾರೆ. ಕೆಲಸ ಅದೇ, ದೇಹವೂ ಅದೇ. ಆದರೆ ಹೆಂಡತಿಯ ಬತ್ತಿದ ಎದೆ ಆ ದಿನ ಅವರ ಕಣ್ಣಿಗೆ ಬೀಳುತ್ತದೆ, ಜುಗುಪ್ಸೆಯಾಗುತ್ತದೆ. ಚೆಲುವು, ಕುರೂಪ ಎಂಬ ಭೇದವನ್ನು ಅವರ ಕಣ್ಣು ಮೊದಲ ಬಾರಿಗೆ ಕಾಣತೊಡಗುತ್ತದೆ.

ನಾನು ಎಡವಿದ್ದು ಎಲ್ಲಿ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪಟ್ಟಿಯಲ್ಲಿಯೂ ಅದೇ ಕಾಣುತ್ತಿದೆ. ಎರಡನೆಯ ಸ್ನಾನದ ಪುಟವನ್ನು ನಾನು ಓದದೆ ಬಿಟ್ಟಿರಲಿಲ್ಲ, ಓದಿದ್ದೆ. ಆದರೆ ‘ಕರುಣೆ’ಯ ಸಾಲು ಆಗಲೇ ಸಿಕ್ಕಿದ್ದರಿಂದ ಆ ಪುಟ ನನ್ನ ಪಾಲಿಗೆ ಬೇಡವಾದ ಪುಟವಾಗಿತ್ತು. ಗುಣವನ್ನು ಮೊದಲೇ ನಿಶ್ಚಯಿಸಿಕೊಂಡು ಹೊರಟವರಿಗೆ ಅದನ್ನು ಸಮರ್ಥಿಸುವ ಸಾಲು ಮಾತ್ರ ಆಧಾರವಾಗಿ ಕಾಣುತ್ತದೆ. ಅದನ್ನು ಅಲುಗಾಡಿಸುವ ಸಾಲು ಕಥೆಯ ಮುಂದುವರಿಕೆಯಾಗಿ ಮಾತ್ರ ಕಾಣುತ್ತದೆ. ಇನ್ನೂ ದೊಡ್ಡ ತಪ್ಪೆಂದರೆ, ನಾನು ನೆಚ್ಚಿಕೊಂಡಿದ್ದ ಮೊದಲ ಸ್ನಾನದ ಪುಟದಲ್ಲಿಯೇ ನನ್ನ ವಾದವನ್ನು ಮುರಿಯುವ ಮಾತಿತ್ತು. ರೋಗಿಷ್ಠೆಯನ್ನು ಮದುವೆಯಾದದ್ದರಿಂದಲೇ ತಾನು ಪಕ್ವನಾಗುತ್ತಿದ್ದೇನೆ, ಮೋಕ್ಷದ ದಾರಿಯಲ್ಲಿ ಭಗವಂತ ತನ್ನನ್ನು ಪರೀಕ್ಷಿಸುತ್ತಿದ್ದಾನೆ ಎಂದು ಆಚಾರ್ಯರು ಅಲ್ಲಿ ಒಳಗೊಳಗೇ ಹಿಗ್ಗುತ್ತಾರೆ. ಹೆಂಡತಿಯ ಮೇಲಿನ ಕನಿಕರವೂ ತನ್ನ ತ್ಯಾಗದ ಬಗೆಗಿನ ಹೆಮ್ಮೆಯೂ ಅಲ್ಲಿ ಬೇರ್ಪಡಿಸಲಾಗದಂತೆ ಬೆರೆತಿವೆ. ಕನಿಕರದ ಅರ್ಧವನ್ನು ಉದ್ಧರಿಸಿ, ಹೆಮ್ಮೆಯ ಅರ್ಧವನ್ನು ನಾನು ಕೈಬಿಟ್ಟಿದ್ದೆ. ಅದರಿಂದ ಅಂಕಗಳು ಹೋದವು. ಯಾರ ಬಳಿ ಪಿಎಚ್.ಡಿ. ಮಾಡಬೇಕೆಂದು ಆಸೆಪಟ್ಟಿದ್ದೆನೋ ಅವರು ಆ ವರ್ಷ ನನ್ನನ್ನು ತೆಗೆದುಕೊಳ್ಳಲಿಲ್ಲ.

ಆದ್ದರಿಂದ ಒಂದು ಗುಣಕ್ಕೆ ಎಷ್ಟು ಉದ್ಧರಣೆ ಸಾಕು ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗುಣವಾಚಕವನ್ನು ಬದಿಗಿಟ್ಟು, ಪಾತ್ರ ಇಕ್ಕಟ್ಟಿಗೆ ಸಿಕ್ಕ ಒಂದು ಕ್ಷಣವನ್ನು ಹಿಡಿದು ಓದಿ. ಆಚಾರ್ಯರು ಹಸುವಿಗೆ ಗೋಗ್ರಾಸ ಇಟ್ಟು ಇನ್ನೇನು ಊಟಕ್ಕೆ ಕೂರಬೇಕು, ಅಷ್ಟರಲ್ಲಿ ಚಂದ್ರಿ ಬಂದು ಅಂಗಳದಲ್ಲಿ ನಿಂತು ಕರೆಯುತ್ತಾಳೆ. ಅವಳೊಡನೆ ಮಾತನಾಡಿದರೆ ಮೈಲಿಗೆ, ಮತ್ತೆ ಸ್ನಾನ ಮಾಡಿಯೇ ಉಣ್ಣಬೇಕು ಎಂಬುದು ಅವರಿಗೆ ಮೊದಲು ಹೊಳೆಯುತ್ತದೆ. ಹೆಂಗಸೊಬ್ಬಳು ಅಂಗಳದಲ್ಲಿ ಕಾಯುತ್ತಿರುವಾಗ ತುತ್ತು ಗಂಟಲಲ್ಲಿ ಇಳಿಯುವುದು ಹೇಗೆ ಎಂಬುದು ಅದರ ಬೆನ್ನಿಗೇ ಹೊಳೆಯುತ್ತದೆ. ಶಾಸ್ತ್ರವೂ ಮನುಷ್ಯತ್ವವೂ ಒಂದೇ ಉಸಿರಿನಲ್ಲಿ ಜಗ್ಗಾಡುವುದನ್ನು, ಯಾವುದು ಮೊದಲು ಬಂತು, ಯಾವುದು ಗೆದ್ದಿತು ಎಂಬುದನ್ನು ವಿವರಿಸಲು ನಿಮಗೆ ಒಂದು ಪುಟವಾದರೂ ಬೇಕು. ಆ ಒಂದು ಪುಟ ಹತ್ತು ಬಿಡಿ ಸಾಲುಗಳಿಗಿಂತ ಹೆಚ್ಚಿನ ತೂಕದ್ದು.

ಒಂದು ಸಾಲನ್ನು ಆಧಾರವೆಂದು ಹಿಡಿಯುವ ಮುನ್ನ ಅದು ಯಾರ ದನಿ ಎಂದು ಕೇಳಿಕೊಳ್ಳಿ. ಈ ಕಾದಂಬರಿಯಲ್ಲಿ ನಿರೂಪಣೆ ಯಾವ ಸೂಚನೆಯೂ ಇಲ್ಲದೆ ಆಚಾರ್ಯರ ಮನಸ್ಸಿನೊಳಕ್ಕೆ ಇಳಿದುಬಿಡುತ್ತದೆ. ಅವರು ತಮ್ಮ ಬಗ್ಗೆ ಅಂದುಕೊಳ್ಳುವುದನ್ನು ಅನಂತಮೂರ್ತಿಯವರ ತೀರ್ಪೆಂದು ಬರೆದರೆ ನಿಮ್ಮ ವಾದ ಅಲ್ಲಿಯೇ ಕುಸಿಯುತ್ತದೆ. ಬೇರೆ ಪಾತ್ರಗಳ ಮಾತೂ ಹಾಗೆಯೇ. ಕಾಶಿಯಲ್ಲಿ ಓದಿ ಬಂದ ವೇದಾಂತ ಶಿರೋಮಣಿ ಎಂದು ಅಗ್ರಹಾರ ಅವರನ್ನು ಹೊಗಳುವುದು ನಿಜ, ಆದರೆ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂಬ ತೀರ್ಮಾನ ಅವರ ಕೈಯಲ್ಲಿದೆ, ಅದರ ಖರ್ಚಿಗೆಂದು ಚಂದ್ರಿ ಬಿಚ್ಚಿಟ್ಟ ಚಿನ್ನದ ಮೇಲೆ ಹೊಗಳುವವರ ಕಣ್ಣಿದೆ. ನಾರಣಪ್ಪನ ಮೂದಲಿಕೆಯಲ್ಲಿಯೂ ಹಟವಿದೆ. ಪಟ್ಟಾಭಿರಾಮ ರೆಡ್ಡಿಯವರ 1970ರ ಚಲನಚಿತ್ರವನ್ನು ನೋಡಿದ್ದರೆ, ಬರೆಯುವಷ್ಟು ಕಾಲ ಗಿರೀಶ ಕಾರ್ನಾಡರ ಮುಖವನ್ನು ದಯವಿಟ್ಟು ಮರೆತುಬಿಡಿ. ಅದು ಇನ್ನೊಂದು ಕೃತಿ, ನಿಮ್ಮ ಆಧಾರ ಇರಬೇಕಾದದ್ದು 1965ರ ಪುಸ್ತಕದಲ್ಲಿ.

‘ದುರ್ಬಲ’ ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಕಾಡಿನಲ್ಲಿ ಎಚ್ಚರವಾದ ಮೇಲೆ ಅವರು ಚಂದ್ರಿಗೆ, ಬೆಳಿಗ್ಗೆ ಬ್ರಾಹ್ಮಣರ ಎದುರು ನಡೆದದ್ದನ್ನು ಹೇಳಿಬಿಡೋಣ, ನನಗೆ ಧೈರ್ಯ ಸಾಲದಿದ್ದರೆ ನೀನೇ ಹೇಳು ಎನ್ನುತ್ತಾರೆ. ತನ್ನ ಅಳುಕನ್ನು ಮೊದಲೇ ಕಂಡು ಬಾಯಿಬಿಟ್ಟು ಹೇಳುವ ಮನುಷ್ಯನನ್ನು ದುರ್ಬಲ ಎಂದಷ್ಟೇ ಕರೆದು ಮುಗಿಸಲಾಗದು. ಸತ್ಯದ ಹೊರೆಯನ್ನು ಅವಳ ತಲೆಗೆ ಸಾಗಿಸುವುದನ್ನು ಧೈರ್ಯ ಎನ್ನಲೂ ಆಗದು. ಚಂದ್ರಿ ಮಾತ್ರ ಆ ರಾತ್ರಿಯೇ ಮೀನಿನ ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಹೆಣವನ್ನು ಸುಡಿಸಿ ಕುಂದಾಪುರದ ದಾರಿ ಹಿಡಿಯುತ್ತಾಳೆ. ಹೇಳುವ ಹೊಣೆ ಆಚಾರ್ಯರಿಗೇ ಮರಳುತ್ತದೆ, ಅವರು ಬಾಯಿ ತೆರೆಯುವುದಿಲ್ಲ. ನಿಮ್ಮ ಪ್ರಬಂಧ ಈ ಮೌನದಿಂದ ಶುರುವಾಗಲಿ ಎಂಬುದು ನನ್ನ ಸಲಹೆ. ಅಲ್ಲಿಂದ, ದಾರಿಯಲ್ಲಿ ಸಿಕ್ಕ ಪುಟ್ಟನ ಜೊತೆಗಿನ ಅಲೆದಾಟಕ್ಕೆ, ಹೆಂಡತಿ ಸತ್ತ ಸೂತಕದಲ್ಲಿದ್ದೂ ಮೇಳಿಗೆಯ ದೇವಸ್ಥಾನದ ಪಂಕ್ತಿಯಲ್ಲಿ ಊಟಕ್ಕೆ ಕುಳಿತು ಗುರುತು ಸಿಕ್ಕಿದಾಗ ಎದ್ದು ಓಡುವ ಪ್ರಸಂಗಕ್ಕೆ ನೇರವಾದ ದಾರಿಯಿದೆ.

ನಿಮ್ಮ ಟಿಪ್ಪಣಿಯ ಕೊನೆಯಲ್ಲಿರುವ ‘ಕಡೆಗೆ ಆಚಾರ್ಯರು ಊರವರ ಮುಂದೆ ಎಲ್ಲವನ್ನೂ ಒಪ್ಪಿಕೊಳ್ಳುತ್ತಾರೆ’ ಎಂಬ ವಾಕ್ಯವನ್ನು ತೆಗೆದುಹಾಕಿ. ಅವರು ಹತ್ತಿದ ಗಾಡಿ ಅವರ ಅಗ್ರಹಾರವಾದ ದೂರ್ವಾಸಪುರದ ಕಡೆಗೆ ಹೊರಟಿರುವಾಗಲೇ ಕಾದಂಬರಿ ಮುಗಿಯುತ್ತದೆ, ಅವರು ಊರು ತಲುಪಿದ್ದನ್ನು ಅದು ತೋರಿಸುವುದೇ ಇಲ್ಲ.